ಬಂದೂಕಿಗೊಂದು ಬಾಟಲಿ ಬ್ರಷ್ಷು

ಕುಕ್ಕರಿನ ಗ್ಯಾಸ್ಕೆಟ್ ತರಲೆಂದು ಮೊನ್ನೆ ಪೇಟೆಯ ಪಾತ್ರೆ ಅಂಗಡಿಗೆ ಹೋಗಿದ್ದೆ. ಬಾಗಿಲಿಗೆ ಅಡ್ಡಲಾಗಿ ಹಗ್ಗ ಕಟ್ಟಿ, ಮಕ್ಕಳ ಹಾಲಿನ ಬಾಟಲಿ ತೊಳೆಯುವ ಬ್ರಷ್ಷುಗಳನ್ನು ಸಾಲಾಗಿ ನೇತುಹಾಕಿದ್ದರು. ನನಗೆ ಬೇಕಾದದ್ದು ಅದಲ್ಲ. ಆದರೂ ಕೈ ತಾನಾಗಿಯೇ ಮೇಲೆದ್ದು ಒಂದನ್ನು ಹಿಡಿದುಕೊಂಡಿತು. ಹೆಬ್ಬೆರಳಿನಿಂದ ಎಳೆಗಳನ್ನು ಮೀಟಿ ನೋಡಿದೆ, ತಂತಿಯನ್ನು ಸ್ವಲ್ಪ ಬಗ್ಗಿಸಿ ನೋಡಿದೆ. ಪರವಾಗಿಲ್ಲ, ಒಳ್ಳೆಯ ಮಾಲು ಅನ್ನಿಸಿತು.

ಅಂಗಡಿಯವನ ಹೆಂಡತಿ ನನ್ನ ಹತ್ತಿರ ಹೊಲಿಗೆ ಕಲಿತವಳು. ಆ ಸಲಿಗೆಯಲ್ಲಿ, "ಏನ್ ಟೀಚರ್, ಮನೇಗ್ ಮಗು ಬಂದೈತಾ? ಯಾರ್ದು?" ಎಂದ.

"ಮಗೂಗಲ್ಲಪ್ಪ, ಬಂದೂಕಿಗೆ" ಎಂದೆ.

ಅವನು ಗಲ್ಲಾ ಪೆಟ್ಟಿಗೆ ಅಲುಗುವ ಹಾಗೆ ನಕ್ಕ. ನಾನೂ ನಕ್ಕೆ. ನಕ್ಕು ಮುಗಿಯುವಷ್ಟರಲ್ಲಿ ನೆನಪಾಯಿತು, ಈಗ ಬಂದೂಕೂ ಇಲ್ಲ. ಬ್ರಷ್ಷನ್ನು ಮತ್ತೆ ಹಗ್ಗಕ್ಕೆ ಸಿಕ್ಕಿಸಿ ಮನೆಗೆ ಬಂದುಬಿಟ್ಟೆ. ಗ್ಯಾಸ್ಕೆಟ್ ತರಲಿಲ್ಲವೆಂದು ಹೊಳೆದದ್ದು ಅಕ್ಕಿ ತೊಳೆದಿಟ್ಟ ಮೇಲೆಯೇ. ಅವತ್ತು ಅನ್ನವನ್ನು ಪಾತ್ರೆಯಲ್ಲಿ ಬಸಿದೆ. ಒಬ್ಬಳ ಅನ್ನ, ಬಸಿದರೆಷ್ಟು ಹೊತ್ತು.

ಬಂದೂಕು ಎಂದಾಕ್ಷಣ ನಮ್ಮ ಮನೆತನದಲ್ಲಿ ಯಾರೋ ಪಾಳೇಗಾರರಿದ್ದರು, ಹುಲಿ ಹೊಡೆದಿದ್ದರು ಎಂದೆಲ್ಲ ನೀವು ಊಹಿಸಿಕೊಳ್ಳಬೇಡಿ. ಅಡುಗೆಮನೆಗೆ ಬಂದ ಜಿರಲೆಯನ್ನೂ ಮೊರದಲ್ಲಿ ಎತ್ತಿ ಆಚೆ ಬಿಡುವ ಪೈಕಿ ನಾವು. ಮೊಟ್ಟೆ ಕೂಡ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ಅಂಥ ಮನೆಗೆ ಜೋಡುನಳಿಗೆಯ ಬಂದೂಕು ಬಂದದ್ದು ಹೊಟ್ಟೆಪಾಡಿಗಾಗಿ. ನಮ್ಮವರು, ಗಂಗಾಧರಯ್ಯನವರು, ಮಿಲಿಟರಿಯಲ್ಲಿ ಲಾರಿ ಓಡಿಸಿ ನಿವೃತ್ತರಾಗಿ ಬಂದ ಮೇಲೆ ರಾಮನಗರದ ಒಂದು ಬ್ಯಾಂಕಿನಲ್ಲಿ ಗನ್‌ಮ್ಯಾನ್ ಕೆಲಸ ಸಿಕ್ಕಿತು. ಸ್ವಂತ ಬಂದೂಕು, ಸ್ವಂತ ಲೈಸೆನ್ಸು ಇದ್ದವರಿಗೇ ಆ ಕೆಲಸ. ಯಾರೋ ಎಸ್ಟೇಟಿನವರು ಬಳಸಿ ಬಿಟ್ಟಿದ್ದ ಬಂದೂಕೊಂದನ್ನು ಹುಡುಕಿ ತಂದರು. ಅಲ್ಲಿಂದ ಮುಂದೆ ದಿನಾ ಬೆಳಗ್ಗೆ ಮಾಗಡಿಯಿಂದ ರಾಮನಗರದ ಬಸ್ಸು ಹತ್ತುವುದು, ಸಂಜೆ ಇಳಿಯುವುದು. ಬಸ್ಸಿನಲ್ಲಿ ಎಷ್ಟೇ ನೂಕುನುಗ್ಗಲಿರಲಿ, ಇವರ ಪಕ್ಕದ ಸೀಟು ಮಾತ್ರ ಖಾಲಿಯಿರುತ್ತಿತ್ತಂತೆ.

ನಾನು ಹೈಸ್ಕೂಲಿನಲ್ಲಿ ಹೊಲಿಗೆ ಟೀಚರಾಗಿದ್ದೆ. ನಮಗೆ ಮಕ್ಕಳಾಗಲಿಲ್ಲ. ಹಾಗಾಗಿ ಭಾನುವಾರವೆಂದರೆ ಇಬ್ಬರೇ, ಎರಡು ಕೆಲಸ. ನಾನು ನಡುಮನೆಯ ಕಿಟಕಿಯ ಹತ್ತಿರ ಮಿಷನ್ ತುಳಿಯುತ್ತಾ ಬ್ಲೌಸು ಹೊಲಿಯುವುದು, ಅವರು ಗೋಣಿತಾಟು ಹಾಸಿ ಅದರ ಮೇಲೆ ಬಂದೂಕು ಬಿಚ್ಚಿಕೊಂಡು ಕೂರುವುದು. ಮೊದಲು ಬಂದೂಕನ್ನು ನಡುವೆ ಮಡಚಿ ತೆರೆದು, ನಳಿಗೆಗಳೊಳಗೆ ತೋಟಾ ಇಲ್ಲವೆಂದು ಕಣ್ಣಿನಲ್ಲೂ ಕಿರುಬೆರಳಿನಲ್ಲೂ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಆಮೇಲೆ ಅವರ ಬೇಟೆ ಶುರು. ಬೇಟೆ ಎಂದರೆ ನನ್ನ ಸಾಮಾನುಗಳ ಬೇಟೆ.

ಮಿಲಿಟರಿಯಲ್ಲಿ ಬಂದೂಕು ತೊಳೆಯುವುದಕ್ಕೆ ತೂಕದ ಗುಂಡು ಕಟ್ಟಿದ ಹಗ್ಗ, ಅಳತೆಗೆ ಕತ್ತರಿಸಿದ ಬಟ್ಟೆ, ಡಬ್ಬಿಯಲ್ಲಿ ಎಣ್ಣೆ, ಎಲ್ಲ ಕೈಗೇ ಕೊಡುತ್ತಿದ್ದರಂತೆ. ಆ ಬಟ್ಟೆ ತುಂಡಿಗೆ ಅಲ್ಲಿಯೂ ಚಿಂದಿ ಎಂದೇ ಹೆಸರು. ನಮ್ಮ ಮನೆಯಲ್ಲಿ ಚಿಂದಿಗೇನು ಬರ, ದರ್ಜಿಯ ಮನೆ. ಆದರೆ ಇವರಿಗೆ ರವಿಕೆಯ ಚೂರು ಸರಿಬರದು. "ಟೆರಿಕಾಟ್ ಎಣ್ಣೆ ಕುಡಿಯಲ್ಲ ಕಣೇ" ಎಂದು ನನ್ನ ಹಳೆಯ ಹತ್ತಿಯ ಲಂಗಗಳ ಮೇಲೆ ಕಣ್ಣು ಹಾಕುತ್ತಿದ್ದರು. ಹಳೆಯದು ಯಾವುದು, ಉಡುವುದು ಯಾವುದು ಎಂಬ ವಿಷಯದಲ್ಲಿ ನಮ್ಮಿಬ್ಬರಿಗೆ ಕಡೆಯವರೆಗೂ ಒಮ್ಮತ ಬರಲಿಲ್ಲ.

ಬಂದೂಕಿನ ಕುದುರೆಯ ಸಂದಿಗೆ ಹಲ್ಲುಜ್ಜುವ ಬ್ರಷ್ಷು. ತೋಟಾಗೆ ಬಡಿಯುವ ಮುಳ್ಳಿನ ಸಣ್ಣ ತೂತಿಗೆ ನನ್ನ ತಲೆಪಿನ್ನು. ಒಳಗಿನ ಕರೆ ತೆಗೆಯಲು ಸೀಮೆಎಣ್ಣೆ, ಸೀಮೆಎಣ್ಣೆ ನಿಂತುಹೋದ ಮೇಲೆ ಬಿಸಿ ಸೋಪಿನ ನೀರು. ನಳಿಗೆಯೊಳಗೆ ಆಡಿಸಲು ಬಾಟಲಿ ಬ್ರಷ್ಷು. ದೇವರೇ ಅಳತೆ ಕೊಟ್ಟು ಮಾಡಿಸಿದ ಹಾಗೆ ಅದು ಆ ನಳಿಗೆಗೆ ಕೂರುತ್ತಿತ್ತು. ಮಕ್ಕಳಿಲ್ಲದ ಮನೆಯ ಯಜಮಾನ ಅಂಗಡಿಗೆ ಹೋಗಿ ಆರೇಳು ತಿಂಗಳಿಗೊಮ್ಮೆ ಬಾಟಲಿ ಬ್ರಷ್ಷು ಕೇಳಿದರೆ ಊರವರು ಏನೆಂದುಕೊಂಡಾರು? ಅದಕ್ಕೇ ಅದನ್ನು ತರುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕೇಳಿದರೆ ಊರವರು ಇನ್ನೂ ಹೆಚ್ಚು ಅಂದುಕೊಳ್ಳುತ್ತಾರೆಂದು ಅವರಿಗೆ ಹೊಳೆಯಲೇ ಇಲ್ಲ, ಪಾಪ.

ಎಣ್ಣೆ ಹಚ್ಚಲು ಕೋಳಿಯ ಪುಕ್ಕವೇ ಸರಿ ಎಂದು ಯಾರೋ ಹೇಳಿಕೊಟ್ಟರು. ಇವರು ಕಾಗದದಲ್ಲಿ ಸುತ್ತಿ ಮನೆಯೊಳಗೆ ತಂದೇಬಿಟ್ಟರು. ನಾನು ಮಿಷನ್ ನಿಲ್ಲಿಸಿ ಎದ್ದು ನಿಂತೆ. "ಬಂದೂಕು ಒಳಗೆ ಬರಬಹುದು, ಪುಕ್ಕ ಬರಬಾರದು ಅಂದ್ರೆ ಯಾವ ನ್ಯಾಯ್ವೇ ಪಾರ್ವತಿ?" ಎಂದರು. ನ್ಯಾಯ ನನಗೂ ಗೊತ್ತಿರಲಿಲ್ಲ. ಪುಕ್ಕ ಮಾತ್ರ ಹಿತ್ತಿಲಿಗೆ ಹೋಯಿತು.

ಇನ್ನೊಂದು ಸಲ ಚನ್ನಪಟ್ಟಣಕ್ಕೆ ಹೋಗಿ ಬೊಂಬೆ ಕಡೆಯುವವರ ಹತ್ತಿರ ಉದ್ದನೆಯ ಕೋಲೊಂದನ್ನು ಕಡೆಸಿಕೊಂಡು ಬಂದರು, ಬಟ್ಟೆ ಸುತ್ತಿ ನಳಿಗೆಯೊಳಗೆ ತೂರಿಸಲು. ಬರೀ ಮರದ ಕೋಲು ಸಾಕೆಂದರೂ ಕಡೆಯುವವನು ಕೇಳಲಿಲ್ಲವಂತೆ. "ಬಣ್ಣ ಹಾಕ್ದೆ ಕಳ್ಸುದ್ರೆ ನಮ್ ಕೈಗೆ ಮರ್ವಾದೆಯಾ ಸಾ?" ಎಂದು ಕೆಂಪು, ಹಳದಿ, ಹಸಿರು ಅರಗಿನ ಪಟ್ಟೆ ಎಳೆದು ಕೊಟ್ಟಿದ್ದ. ಬಂದೂಕಿನ ಬಾಯಿಂದ ಆ ಬಣ್ಣದ ಕೋಲು ಇಣುಕಿದರೆ ಮಕ್ಕಳ ಆಟದ ಸಾಮಾನಿನಂತೆ ಕಾಣುತ್ತಿತ್ತು. ಮಿಲಿಟರಿಯಿಂದ ಬಂದ ಮನುಷ್ಯ ಅದಕ್ಕೆ ನಾಚಿಕೊಂಡು ಮಂಚದ ಕೆಳಗೆ ಮುಚ್ಚಿಡುತ್ತಿದ್ದರು.

ಒಂದು ದಿನ ನಾನು ಕೇಳಿದೆ. "ಅಲ್ಲಾ ರೀ, ಒಂದು ಗುಂಡಾದರೂ ಹಾರಿಸಿದ್ದುಂಟಾ? ಹಾರಿಸದೆ ಇರೋ ಬಂದೂಕನ್ನ ವಾರವಾರ ಯಾಕೆ ತೊಳೀಬೇಕು?"

ಅವರು ಒಂದು ಕಣ್ಣು ಮುಚ್ಚಿ ನಳಿಗೆಯೊಳಗೆ ನೋಡುತ್ತಾ, "ಉಪಾಸದ ದಿನ ನೀನು ಹಲ್ಲುಜ್ಜಕಿಲ್ವಾ?" ಎಂದರು.

"ಉಜ್ಜೋಕೆ ನನ್ನ ಬ್ರಷ್ಷೆಲ್ಲಿ ಬಿಟ್ಟಿದೀರಿ?"

ಅವರು ಬಿಚ್ಚಿದ ನಳಿಗೆಯನ್ನು ಕಿಟಕಿಯತ್ತ ಹಿಡಿದು, "ಬಾ, ನೋಡಿಲ್ಲಿ" ಎಂದು ಕರೆದರು. ನಾನು ಬಗ್ಗಿ ಕಣ್ಣಿಟ್ಟೆ. ಒಳಗೆ ಬೆಳಕು ಉಂಗುರ ಉಂಗುರವಾಗಿ ಕೂತಿತ್ತು, ನೀರಿಗೆ ಕಲ್ಲು ಹಾಕಿದಾಗ ಏಳುವ ಉಂಗುರಗಳ ಹಾಗೆ. ಅದರ ತುದಿಯಲ್ಲಿ, ಬಹಳ ದೂರದಲ್ಲಿ, ಹೆಂಚಿನ ಸೂರಿನ ಮೇಲೆ ಸಾವನದುರ್ಗದ ಬಂಡೆಯ ನೆತ್ತಿ ಒಂದು ಚೂರು.

ಇದೆಲ್ಲ ನೋಡುವಾಗ ನನಗೆ ನನ್ನ ತವರು ಕೆಂಪಾಪುರದ ಲಾಟೀನು ನೆನಪಾಗುತ್ತಿತ್ತು. ನಾವು ಚಿಕ್ಕವರಿದ್ದಾಗ ಕರೆಂಟು ಬಂದರೂ ಇರುತ್ತಿದ್ದದ್ದು ಅಷ್ಟಕ್ಕಷ್ಟೆ. ದಿನಾ ಸಂಜೆ ಲಾಟೀನಿನ ಗಾಜು ತೊಳೆಯಬೇಕು. ದೊಡ್ಡವರ ಕೈ ಅದರೊಳಗೆ ಹೋಗದು. ನನ್ನದು ಸಣ್ಣ ಕೈ ಎಂದು ಆ ಕೆಲಸ ನನ್ನ ತಲೆಗೆ. ಒಲೆಯ ಬೂದಿ ಮುಟ್ಟಿಸಿ, ಬಟ್ಟೆ ತೂರಿಸಿ, ಬಾಯಿಂದ ಹಾ ಎಂದು ಊದಿ ಒರೆಸುತ್ತಿದ್ದೆ. "ಒಡೆದ್ಯೋ, ನೀನೇ ಗಾಜಾಗಿ ನಿಂತ್ಕಬೇಕಾಯ್ತದೆ" ಎಂದು ಅವ್ವ ಹೆದರಿಸುತ್ತಿದ್ದಳು. ಬಹಳ ದಿನ ನಾನದನ್ನು ನಂಬಿದ್ದೆ. ರಾತ್ರಿಯೆಲ್ಲ ಮೊಳೆಗೆ ನೇತಾಡುತ್ತಾ ಬತ್ತಿ ಸುತ್ತ ನಿಂತಿರುವುದು ಹೇಗೆಂದು ಯೋಚಿಸುತ್ತಿದ್ದೆ.

ಎರಡು ವರ್ಷದ ಹಿಂದೆ ಒಂದು ಸಂಜೆ ನಮ್ಮವರು ಬೀದಿಯ ನಲ್ಲಿಯಲ್ಲಿ ನೀರು ಹಿಡಿಯುತ್ತಾ ಕಟ್ಟೆಯ ಮೇಲೆ ಕುಳಿತಿದ್ದರು. ಬಿಂದಿಗೆ ತುಂಬಿ ಹರಿಯುವ ಸದ್ದು ಕೇಳಿ ಒಳಗಿನಿಂದ ಕೂಗಿದೆ, "ನೀರು ಚೆಲ್ತಾ ಇದೆ ಕಣ್ರೀ." ನೀರು ಹರಿಯುತ್ತಲೇ ಇತ್ತು. ಹೊರಗೆ ಬಂದು ನೋಡಿದೆ. ಗೋಡೆಗೆ ಒರಗಿದ್ದರು, ಕಾಲಿನ ಸುತ್ತ ನೀರು. ಅಷ್ಟೆ.

ಹನ್ನೊಂದು ದಿನ ಮನೆ ತುಂಬ ಜನ. ಆಮೇಲೆ ಚಾಪೆ ಮಡಚಿದ್ದೂ ಆಯಿತು, ಬಾಡಿಗೆಗೆ ತಂದ ಪಾತ್ರೆ ಹಿಂದಕ್ಕೆ ಹೋದದ್ದೂ ಆಯಿತು. ಹಾಲಿನವನು ಪ್ಯಾಕೆಟ್ಟನ್ನು ಗೇಟಿಗೆ ಸಿಕ್ಕಿಸಿ ಹೋಗುತ್ತಿದ್ದ. ಕೆಲವು ದಿನ ಸಂಜೆ ಯಾರಾದರೂ ಫೋನ್ ಮಾಡಿದರೆ ಹಲೋ ಎನ್ನಲು ಗಂಟಲು ಏಳುತ್ತಿರಲಿಲ್ಲ. ಬೆಳಗಿನಿಂದ ಒಂದು ಮಾತೂ ಆಡಿಲ್ಲವೆಂದು ಆಗ ಗೊತ್ತಾಗುತ್ತಿತ್ತು. ಅದಕ್ಕಾಗಿ ಕುಕ್ಕರಿನ ಜೊತೆ, ಮಿಷನ್ನಿನ ಜೊತೆ ಮಾತಾಡುವ ಅಭ್ಯಾಸ ಮಾಡಿಕೊಂಡೆ. ಮಿಷನ್ನು ಪರವಾಗಿಲ್ಲ, ಎದುರು ವಾದಿಸುತ್ತಿತ್ತು.

ಅಷ್ಟರಲ್ಲಿ ಪೊಲೀಸ್ ಸ್ಟೇಷನ್ನಿನಿಂದ ಫೋನ್ ಬಂತು. "ಅಮ್ಮಾ, ಲೈಸೆನ್ಸುದಾರರು ತೀರಿಕೊಂಡ ಮೇಲೆ ಬಂದೂಕು ಮನೇಲಿ ಇಟ್ಕೊಳ್ಳೋಂಗಿಲ್ಲ. ತಂದು ಜಮಾ ಮಾಡ್ಬಿಡಿ" ಎಂದರು. ಶಾಲೆಯ ಯೂನಿಫಾರಮ್ಮಿನ ನೀಲಿ ಬಟ್ಟೆಯಲ್ಲಿ ನಾನೇ ಹೊಲಿದ ಗವಸಿನಲ್ಲಿ ಬಂದೂಕು ಇಟ್ಟು, ತೋಟಾಗಳನ್ನು ಬೇರೆ ಡಬ್ಬಿಯಲ್ಲಿ ಹಾಕಿಕೊಂಡು, ಪೇಟೆ ಬೀದಿಯಲ್ಲಿ ನಡೆದುಕೊಂಡೇ ಹೋದೆ. ಸಿಕ್ಕವರೊಬ್ಬರು, "ಏನ್ ಟೀಚರ್, ತಂಬೂರಿ ಕಲೀತಾ ಇದೀರಾ?" ಎಂದು ಕೇಳಿದರು. ಹೂಂ ಎಂದೆ. ಸ್ಟೇಷನ್ನಿನಲ್ಲಿ ರಸೀದಿ ಬರೆದುಕೊಟ್ಟರು. ಖಾಲಿ ಗವಸನ್ನು ಮಡಚಿಕೊಂಡು ಬರುವಾಗ ಕೈಗಳನ್ನು ಹೇಗೆ ಬೀಸಬೇಕೋ ತಿಳಿಯಲಿಲ್ಲ.

ಕೆಲವು ತಿಂಗಳಾದ ಮೇಲೆ ಲೈಸೆನ್ಸಿನ ವಿಷಯ ಕೇಳಲು ಹೋದಾಗ ಅದು ಕಣ್ಣಿಗೆ ಬಿತ್ತು. ಒಳಕೋಣೆಯ ಮೂಲೆಯಲ್ಲಿ, ಕುತ್ತಿಗೆಗೆ ಚೀಟಿ ಕಟ್ಟಿಸಿಕೊಂಡು, ಬೇರೆ ನಾಲ್ಕಾರು ಬಂದೂಕುಗಳ ಜೊತೆ ಗೋಡೆಗೆ ಒರಗಿ ನಿಂತಿತ್ತು. ಮಳೆಗಾಲದ ಗೋಡೆ. ನಳಿಗೆಯ ಮೇಲೆ ಅರಿಶಿನ ಕುಂಕುಮ ಕಲಸಿದ ಬಣ್ಣದ ತುಕ್ಕು.

"ಅಯ್ಯೋ" ಎಂದೆ. ಮೇಜಿನ ಹಿಂದೆ ಠಾಣೆಯ ದಾಖಲೆ ಬರೆಯುತ್ತಿದ್ದ ರೈಟರ್ ತಲೆ ಎತ್ತಿದರು.

"ಸಾರ್, ಇದನ್ನ ಒಂದು ಸಲ ಒರೆಸಿ ಕೊಡ್ತೀನಿ. ಇಲ್ಲೇ ಕೂತು."

"ಏನಮ್ಮಾ? ಹಂಗೆಲ್ಲ ಬರಕಿಲ್ಲ. ಜಮಾ ಆಗಿರೋ ಮಾಲು ಅದು."

"ಮಾಲು ಹಾಳಾಗ್ತಾ ಇದೆಯಲ್ಲ ಸಾರ್."

ಸಬ್ ಇನ್ಸ್‌ಪೆಕ್ಟರು ಚಿಕ್ಕ ವಯಸ್ಸಿನವರು. ಒಳಗಿನಿಂದ ನಮ್ಮ ಮಾತು ಕೇಳಿಸಿಕೊಂಡು ಹೊರಗೆ ಬಂದರು. ನನ್ನನ್ನೂ ಬಂದೂಕನ್ನೂ ನೋಡಿದರು. "ತೋಟಾ ಬೇರೆ ಬೀರುವಲ್ಲಿ ಇದೆ ತಾನೇ? ಒರೆಸಲಿ ಬಿಡ್ರಿ. ಮಂಜುಳಾ ಪಕ್ಕದಲ್ಲಿ ಕೂತಿರಲಿ" ಎಂದರು. ಮಂಜುಳಾ ಎಂಬಾಕೆ ಅಲ್ಲಿಯ ಕಾನ್‌ಸ್ಟೇಬಲ್.

ಮಾರನೆಯ ದಿನ ಬುಟ್ಟಿ ಹಿಡಿದುಕೊಂಡು ಹೋದೆ. ಸೊಪ್ಪಿನ ಬುಟ್ಟಿ. ಅದರಲ್ಲಿ ಮಿಷನ್ ಎಣ್ಣೆ, ಹರಿದ ಲಂಗದ ತುಂಡುಗಳು, ಬ್ರಷ್ಷು, ತಲೆಪಿನ್ನು, ಬಣ್ಣದ ಕೋಲು. ಹಿಂಭಾಗದ ಜಗಲಿಯ ಮೇಲೆ, ಅಪಘಾತದಲ್ಲಿ ನಜ್ಜುಗುಜ್ಜಾಗಿ ಸೇರಿದ ಬೈಕುಗಳ ಪಕ್ಕದಲ್ಲಿ ಗೋಣಿತಾಟು ಹಾಸಿಕೊಂಡು ಕೂತೆ. ಅಲ್ಲಿಯವರೆಗೆ ನಾನು ನೋಡಿದವಳೇ ಹೊರತು ತೊಳೆದವಳಲ್ಲ. ನಳಿಗೆ ಬಿಚ್ಚುವಾಗ ಹೆಬ್ಬೆರಳು ಸಿಕ್ಕಿಸಿಕೊಂಡೆ. ಎಣ್ಣೆ ಹೆಚ್ಚಾಗಿ ಸೀರೆಯ ಮೇಲೆ ಇಳಿಯಿತು. ಮಂಜುಳಾ ನಗು ತಡೆದುಕೊಂಡು, "ಟೀಚರ್, ಒಸಿ ಸೋಡಾಪುಡಿ ಹಾಕ್ನೋಡಿ, ನಮ್ಮತ್ತೆ ಹಿತ್ತಾಳೆ ಪಾತ್ರೆ ಹಂಗೇ ಉಜ್ಜೋದು" ಎಂದಳು. ನಾನು ಬೇಡವೆಂದೆ. ಆಮೇಲೆ ಅವಳೇ ಕೋಲಿನ ತುದಿ ಹಿಡಿದಳು. ಸಂಜೆಯ ಹೊತ್ತಿಗೆ ನಳಿಗೆ ಬಿಸಿಲಿಗೆ ಹೊಳೆಯಿತು.

ಹೀಗೆ ತಿಂಗಳಿಗೊಮ್ಮೆ ಸ್ಟೇಷನ್ನಿಗೆ ಹೋಗುವುದು ರೂಢಿಯಾಯಿತು. ಸುಳ್ಳೇಕೆ, ಆ ದಿನ ಬರಲೆಂದು ಕಾಯುತ್ತಿದ್ದೆ. ಕಾಫಿ ತರಿಸುತ್ತಿದ್ದರು. ಮಂಜುಳಾ ತನ್ನ ಅತ್ತೆಯ ವಿಷಯ, ರಜೆ ಸಿಗದ ವಿಷಯ, ಕಾಲುನೋವಿನ ವಿಷಯ ಹೇಳುತ್ತಿದ್ದಳು. ರೈಟರ್ ಒಂದು ದಿನ ಇನ್ನೊಂದು ಬಂದೂಕು ತಂದು ಪಕ್ಕದಲ್ಲಿಟ್ಟು, "ಅಮ್ಮಾ, ಇದೂ ಹಂಗೇ ಐತೆ ನೋಡಿ, ಇದರ ಯಜಮಾನ್ರೂ ಹೋಗ್ಬುಟ್ರು" ಎಂದರು. ಅದನ್ನೂ ಒರೆಸಿದೆ. ಅದರ ಹಿಡಿಯ ಮೇಲೆ ಬೆವರಿನ ಕಪ್ಪು ಗುರುತು, ಯಾರದೋ ಕೆನ್ನೆ ತಾಗಿ ತಾಗಿ ಸವೆದ ಜಾಗ. ಅಷ್ಟನ್ನು ಒರೆಸದೆ ಬಿಟ್ಟೆ.

ಚುನಾವಣೆ ಬಂತು. ಚುನಾವಣೆಗೆ ಮೊದಲು ಸುತ್ತಿನ ಹಳ್ಳಿಯವರೆಲ್ಲ ತಮ್ಮ ಬಂದೂಕುಗಳನ್ನು ಸ್ಟೇಷನ್ನಿಗೆ ಒಪ್ಪಿಸಬೇಕು. ಅವತ್ತು ನಾನು ಹೋದಾಗ ಅಂಗಳದಲ್ಲಿ ಸಾಲು ನಿಂತಿತ್ತು. ನಾನು ಜಗಲಿಯ ಮೇಲೆ ನನ್ನ ಪಾಡಿಗೆ ಕೂತಿದ್ದೆ. ಸಾಲಿನಲ್ಲಿದ್ದ ಒಬ್ಬ ಹಿರಿಯರು, ಬಿಳಿ ಮೀಸೆ, ಹೆಗಲ ಮೇಲೆ ಟವಲು, ಒಂದು ಹಳೆಯ ಒಂಟಿನಳಿಗೆಯನ್ನು ಊರಿಕೊಂಡು ನಿಂತಿದ್ದವರು, ಬಹಳ ಹೊತ್ತು ನನ್ನನ್ನೇ ನೋಡಿ ಹತ್ತಿರ ಬಂದರು.

"ಏನವ್ವಾ, ಅದ್ಯಾವ್ ಎಣ್ಣೆ?"

"ಹೊಲಿಗೆ ಮಿಷನ್ನಿಂದು."

"ಹೋಗ್ಲಿ, ಕೊಬ್ರಿ ಎಣ್ಣೆ ಹಾಕ್ಲಿಲ್ವಲ್ಲ. ಚಳೀಲಿ ಗಡ್ಡೆ ಕಟ್ಕತದೆ. ನಾನು ಹರಳೆಣ್ಣೆ ಹಾಕೋದು."

"ಹರಳೆಣ್ಣೆಗೆ ಧೂಳು ಅಂಟಲ್ವಾ?"

"ಅಂಟ್ತದೆ. ಒರಸ್ಕಂಡು ಕೂತ್ಕಳದು. ಇನ್ನೇನ್ ಕೆಲ್ಸ ಐತೆ ನಂಗೆ?"

ಆ ಹಿರಿಯರ ಹೆಸರು ಹನುಮಂತೇಗೌಡರು, ಸಾವನದುರ್ಗದ ಹಿಂಭಾಗದ ಹಳ್ಳಿಯವರು. ಹೊಲ ಕಾಡಿನ ಅಂಚಿಗೇ ಇದೆ. ಹಂದಿಗಳ ಕಾಟಕ್ಕೆ ಬೆಳೆ ಕಾಯಲೆಂದು ಅವರ ತಂದೆಯ ಕಾಲದ ಲೈಸೆನ್ಸು. ಹೊಡೆಯುವುದಿಲ್ಲವಂತೆ, ಆಕಾಶಕ್ಕೆ ಸದ್ದು ಮಾಡಿ ಓಡಿಸುವುದು. ಅವರ ಬಂದೂಕಿನ ನಳಿಗೆಯಲ್ಲಿ ಸೀಳು ಬಿಟ್ಟಿತ್ತು. ಇನ್ನು ಅದನ್ನು ಹಿಡಿಯಬಾರದೆಂದು ಸ್ಟೇಷನ್ನಿನಲ್ಲೇ ಹೇಳಿದ್ದರು. ಸೀಳಿದ ಬಂದೂಕನ್ನೂ ಎಷ್ಟು ಚೊಕ್ಕಟವಾಗಿ ಒರೆಸಿ ತಂದಿದ್ದರು!

"ನೀವು ಯಾವುದರಲ್ಲಿ ಉಜ್ಜೋದು ಗೌಡ್ರೇ?" ಎಂದೆ.

"ಅದ್ಯಾವ್ದಾದ್ರೂ ಸರಿ. ಸೈಕಲ್ ಕಡ್ಡಿ, ಕೊಡೆ ಕಡ್ಡಿ, ಪಾತ್ರೆ ಉಜ್ಜೋ ಬ್ರಷ್ಷು. ಮೊದ್ಲು ನಮ್ಮನೇವ್ಳು ಬೋ ಬಯ್ಯೋಳು, ನನ್ ಸಾಮಾನ್ ಮುಟ್‌ಬ್ಯಾಡ ಅಂತ. ಕದ್ದು ತಕಂಡೋಗಿ ಕೊಟ್ಗೆಲಿ ಕೂತ್ಕಂಡು ಉಜ್ಜಿ, ತೊಳ್ದು, ಮತ್ತೆ ಅಲ್ಲೇ ಇಡ್ತಿದ್ದೆ." ಗೌಡರು ಟವಲಿನಲ್ಲಿ ಮುಖ ಒರೆಸಿಕೊಂಡರು. "ಈಗ ಆರು ವರ್ಸ ಆಯ್ತು ಅವ್ಳು ಹೋಗಿ. ಬಯ್ಯೋರಿಲ್ಲ. ಯಾವ್ ಬ್ರಷ್ ಬೇಕಾದ್ರೂ ತಕಬೌದು."

ನಾನು ನಳಿಗೆಯೊಳಗೆ ಕೋಲು ಆಡಿಸುತ್ತಲೇ ಇದ್ದೆ. ಅಷ್ಟರಲ್ಲಿ ಅವರ ಹೆಸರು ಕೂಗಿದರು, ಹೋದರು.

ಚುನಾವಣೆ ಮುಗಿದು ಎಲ್ಲರೂ ಅವರವರ ಬಂದೂಕು ತೆಗೆದುಕೊಂಡು ಹೋದ ಮೇಲೆ ಸಬ್ ಇನ್ಸ್‌ಪೆಕ್ಟರು ನನ್ನನ್ನು ಎದುರು ಕೂರಿಸಿಕೊಂಡರು. ಬಹಳ ದಿನದಿಂದ ಹೇಳಬೇಕೆಂದು ತಡೆದುಕೊಂಡಿದ್ದ ಮಾತೆಂದು ಮುಖದಲ್ಲೇ ಕಾಣುತ್ತಿತ್ತು. "ಅಮ್ಮಾ, ಇದು ಹೀಗೇ ಇಲ್ಲಿ ಇರೋಕಾಗಲ್ಲ. ಒಂದೋ ನಿಮ್ಮ ಹೆಸರಿಗೆ ಲೈಸೆನ್ಸ್ ಕೇಳಿ, ಇಲ್ಲ ಲೈಸೆನ್ಸ್ ಇರೋರಿಗೆ ಕೊಡಿ. ಎರಡೂ ಇಲ್ಲ ಅಂದ್ರೆ ಸರ್ಕಾರಕ್ಕೆ ಹೋಗುತ್ತೆ. ಅಲ್ಲಿ ಕರಗಿಸಿಬಿಡ್ತಾರೆ."

"ನನ್ನ ಹೆಸರಿಗೇ ಕೇಳ್ತೀನಿ ಸಾರ್" ಎಂದೆ.

"ಕೇಳಬಹುದು. ಕಾರಣ ಏನಂತ ಬರೆಯೋಣ? ಜೀವಕ್ಕೆ ಬೆದರಿಕೆ ಏನಾದರೂ ಇದೆಯಾ? ಯಾರಾದರೂ ಮನೆ ಹತ್ರ ಬಂದು ಹೆದರಿಸ್ತಾರಾ?"

ನಾನು ನಿಜವಾಗಿಯೂ ಯೋಚಿಸಿದೆ. "ಹೆದರಿಸೋಕಾದ್ರೂ ಯಾರಾದ್ರೂ ಮನೆಗೆ ಬರಬೇಕಲ್ಲ ಸಾರ್" ಎಂದೆ.

ತಮಾಷೆಗೆ ಹೇಳಿದ್ದಲ್ಲ. ಆದರೂ ರೈಟರ್ ನಕ್ಕರು. ಸಬ್ ಇನ್ಸ್‌ಪೆಕ್ಟರು ನಗಲಿಲ್ಲ. ಪೆನ್ನು ತಿರುಗಿಸುತ್ತಾ, "ಬೆಳೆ ಇದೆಯಾ ನಿಮಗೆ?" ಎಂದರು. ಹಿತ್ತಿಲಲ್ಲಿ ಒಂದು ಕರಿಬೇವಿನ ಗಿಡ, ಒಂದು ದಾಸವಾಳ. ಅವಕ್ಕೆ ಹಂದಿ ಬರುವುದಿಲ್ಲ.

ಅವತ್ತು ಮನೆಗೆ ಬಂದು ಮಿಷನ್ನಿನ ಮುಂದೆ ಕೂತೆ. ನನಗೆ ಬಂದೂಕು ಯಾಕೆ ಬೇಕು? ಹಿಡಿಯಲು ಬರುವುದಿಲ್ಲ, ಹೊಡೆಯಲು ಬರುವುದಿಲ್ಲ. ಒರೆಸಲು ಬರುತ್ತದೆ, ಅದೂ ಈಚೆಗೆ. ಒರೆಸುವುದಕ್ಕಾಗಿ ಲೈಸೆನ್ಸು ಕೊಡಿ ಎಂದು ಯಾವ ಸಾಹೇಬರನ್ನು ಕೇಳಲಿ? ಅದೂ ಅಲ್ಲದೆ ಬೇಕಾದದ್ದು ಬಂದೂಕೇ ಹೌದೇ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ "ಲೇ, ನಿನ್ನ ಪಿನ್ ಎಲ್ಲೇ?" ಎಂದು ಕೇಳುವ ದನಿಗೆ ಯಾವ ಸ್ಟೇಷನ್ನಿನಲ್ಲಿ ಅರ್ಜಿ ಹಾಕುತ್ತಾರೆ?

ಮಾರನೆಯ ದಿನ ಮಂಜುಳಾಗೆ ಫೋನ್ ಮಾಡಿ ಹನುಮಂತೇಗೌಡರಿಗೆ ನಮ್ಮ ಬಂದೂಕನ್ನು ಅವರಿಗೇ ಕೊಡುವ ವಿಷಯ ತಿಳಿಸಲು ಹೇಳಿದೆ. ಸೀಳಿದ ಬಂದೂಕಿನ ಬದಲು ಇದನ್ನು ಹೊಂದಲು ಮೇಲಿನ ಕಚೇರಿಯ ಒಪ್ಪಿಗೆ ಬೇಕಿತ್ತು. ಅವರು ರಾಮನಗರಕ್ಕೆ ಅಲೆದರು, ನಾನು ಬೇಕಾದಲ್ಲೆಲ್ಲ ಸಹಿ ಹಾಕಿದೆ. ಒಪ್ಪಿಗೆ ಬರುವಷ್ಟರಲ್ಲಿ ರಾಗಿ ತೆನೆ ಕಟ್ಟುವ ಕಾಲ ಬಂದಿತ್ತು. ಬಂದೂಕು ಅವರ ಕೈಗೆ ಸಿಕ್ಕ ದಿನ ನಾನು ನೀಲಿ ಗವಸನ್ನೂ ಬಣ್ಣದ ಕೋಲನ್ನೂ ತೆಗೆದುಕೊಂಡು ಹೋಗಿದ್ದೆ. ಗೌಡರು ಕೋಲನ್ನು ತಿರುಗಿಸಿ ತಿರುಗಿಸಿ ನೋಡಿ, "ಇದ್ರಲ್ಲಿ ಹುಡುಗ್ರು ಆಡ್ಕಳಕಿಲ್ವಾ?" ಎಂದರು. ಆಮೇಲೆ, "ನೀವೂ ಬನ್ನಿ ಟೀಚರಮ್ಮ. ಎಲ್ಲಿ ಇಡ್ತೀನಿ ಅಂತ ನೋಡ್ಕಂಡ್ ಬರೋರಂತೆ" ಎಂದು ಕರೆದರು.

ಹೋಗುವ ಮನಸ್ಸಿರಲಿಲ್ಲ. ಮಂಜುಳಾ ಪಕ್ಕದಲ್ಲಿ ನಿಂತು, "ಹೋಗ್ ಬನ್ನಿ ಟೀಚರ್, ಮನೇಲಿ ಏನ್ ಐತೆ?" ಎಂದಳು. ಅವಳು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಹೋದೆ.

ಹಳ್ಳಿ ಸಣ್ಣದು. ಮನೆಯ ಹಿಂದೆಯೇ ಹೊಲ, ಹೊಲದ ಹಿಂದೆಯೇ ಕಾಡು. ಗೌಡರ ಸೊಸೆ ನೀರು ಕೊಟ್ಟು, ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಬಂದೂಕನ್ನು ಎಲ್ಲಿಡಬೇಕೆಂದು ಗೌಡರು ಮೊದಲೇ ಯೋಚಿಸಿಟ್ಟಿದ್ದರು. ಒಳಮನೆಯಲ್ಲಿ ಬೀಗ ಹಾಕುವ ಮರದ ಬೀರು. ಅದರ ತಳಕ್ಕೆ ಕಂಬಳಿ ಹಾಸಿದ್ದರು. ಬಂದೂಕನ್ನು ಗವಸಿನ ಸಮೇತ ಒಳಗಿಟ್ಟು, ಬೀಗ ಹಾಕಿ, ಬೀಗವನ್ನು ಎರಡು ಸಲ ಜಗ್ಗಿ ನೋಡಿದರು. ಬೀರುವಿನ ಮೇಲೆ ಅವರ ಹೆಂಡತಿಯ ಫೋಟೊ. ದಪ್ಪ ಮುಖದ, ಈಗಲೋ ಆಗಲೋ ಬಯ್ಯುವ ಹಾಗೆ ನೋಡುವ ಹೆಂಗಸು.

"ಇವ್ರೇನಾ?" ಎಂದೆ.

"ಇವ್ಳೇ. ನೋಡಿ, ಈಗ್ಲೂ ಹೆಂಗ್ ಗುರಾಯಿಸ್ತಾ ಅವ್ಳೆ" ಎಂದು ಗೌಡರು ನಕ್ಕರು. ಆಮೇಲೆ, "ನಿಮ್ ಯಜಮಾನ್ರು ಹೆಂಗಿದ್ರು ಟೀಚರಮ್ಮ?" ಎಂದು ಕೇಳಿದರು.

ಅವರು ಹೇಗೆ ಹೋದರು ಎಂದು ಎಲ್ಲರೂ ಕೇಳಿದ್ದರು. ಹೇಗಿದ್ದರು ಎಂದು ಯಾರೂ ಕೇಳಿರಲಿಲ್ಲ. ನಾನು ಜಗಲಿಯ ಮೇಲೆ ಕೂತು ಹೇಳಲು ಶುರು ಮಾಡಿದೆ. ಲಾರಿ ಓಡಿಸಿದ್ದು, ಬ್ಯಾಂಕಿನ ಬಾಗಿಲಲ್ಲಿ ನಿಂತು ನಿಂತು ಕಾಲಿನ ನರ ಊದಿಕೊಂಡದ್ದು, ಕೋಳಿಪುಕ್ಕದ ಜಗಳ, ಎಲ್ಲ. ಸೊಸೆಯೂ ಕೆಲಸ ಬಿಟ್ಟು ಬಂದು ಬಾಗಿಲಿಗೆ ಒರಗಿ ಕೇಳಿದಳು. ಪುಕ್ಕದ ಕಥೆಗೆ ಅವಳು ಬಿದ್ದು ಬಿದ್ದು ನಕ್ಕಳು. ಬಹಳ ದಿನದ ಮೇಲೆ ನನ್ನ ಮಾತು ನನಗೇ ಉದ್ದವಾಗಿ ಕೇಳಿಸಿತು.

ಬಿಸಿಲು ಇಳಿಯುವ ಮೊದಲು ಬಸ್ಸಿತ್ತು. ಗೌಡರು ಬಸ್ಸು ಬರುವವರೆಗೆ ರಸ್ತೆಯ ಬದಿಯಲ್ಲಿ ಜೊತೆಗೆ ನಿಂತಿದ್ದು, ಬಸ್ಸು ಕಂಡಾಗ ಟವಲು ಬೀಸಿ ನಿಲ್ಲಿಸಿ, "ಹುಸಾರು" ಎಂದಷ್ಟೇ ಹೇಳಿದರು. ಹತ್ತಿ ಕೂತೆ. ಕಂಡಕ್ಟರ್ ಹುಡುಗಿ ಬಂದಳು. ಹೆಂಗಸರಿಗೆ ಈಗ ದುಡ್ಡಿಲ್ಲದ ಟಿಕೆಟ್ಟು, ಆದರೂ ಕೇಳುವುದು ಕೇಳಲೇಬೇಕು.

"ಎಲ್ಲಿಗಮ್ಮಾ?"

"ಮಾಗಡಿಗೆ."

"ಎಷ್ಟ್ ಜನ?"

ಈ ಪ್ರಶ್ನೆಗೆ ನಾನು ಈ ಎರಡು ವರ್ಷವೂ ಬಾಯಿಬಿಟ್ಟು ಉತ್ತರ ಕೊಟ್ಟಿರಲಿಲ್ಲ. ಒಂದು ಬೆರಳು ಎತ್ತಿ ತೋರಿಸಿ ಕಿಟಕಿಯ ಕಡೆ ತಿರುಗಿಬಿಡುತ್ತಿದ್ದೆ. ಅವತ್ತು ಎರಡೂ ಕೈಯಲ್ಲಿ ಗೌಡರ ಸೊಸೆ ಕೊಟ್ಟ ಅವರೆಕಾಯಿಯ ಚೀಲವಿತ್ತು, ಬೆರಳು ಎತ್ತುವ ಹಾಗಿರಲಿಲ್ಲ.

"ಒಬ್ಬಳೇ ಕಣಮ್ಮ" ಎಂದೆ.

ಹುಡುಗಿ ಟಿಕೆಟ್ಟು ಹರಿದು ಚೀಲದ ಬಾಯಿಗೆ ಸಿಕ್ಕಿಸಿ, "ಚೀಲ ಕೆಳಗಿಡಿ ಅಮ್ಮಾ, ಕೈ ನೋಯ್ತದೆ" ಎಂದು ಮುಂದಿನ ಸೀಟಿಗೆ ಹೋದಳು.